ಕಡಲಾಚೆಯ ಸಂತೆ

ನಾಲ್ವರು ಹೆಂಗಸರು ಒಟ್ಟಾಗಿ ಮನೆಯ ಹೊಸ್ತಿಲನ್ನು ದಾಟಬೇಕಾದರೆ ನಮ್ಮ ಸೀಮೆಯಲ್ಲಿ ಎಂದಿನಿಂದಲೂ ಒಂದು ನೆಪ ಬೇಕಾಗಿದ್ದಿತು. ರಾಮನಾಥಪುರದ ಷಷ್ಠಿಯ ಜಾತ್ರೆ ಒಂದು ನೆಪ. ಹೊಳೆನರಸೀಪುರದ ಲಕ್ಷ್ಮೀನರಸಿಂಹಸ್ವಾಮಿಯ ತೇರು ಒಂದು ನೆಪ. ಚನ್ನರಾಯಪಟ್ಟಣದ ಕಡೆಯ ಬೂಕನಬೆಟ್ಟದ ಪರಿಷೆಯಲ್ಲಿ ಗಂಡಸರು ಎತ್ತುಗಳ ಹಲ್ಲನ್ನು ಎಣಿಸುತ್ತಿದ್ದರೆ, ಹೆಂಗಸರು ಬಳೆಯ ಮಲಾರದ ಮುಂದೆ ಕುಳಿತಿರುತ್ತಿದ್ದರು. ಕೊಂಡದ್ದು ಒಂದು ಡಜನ್ ಬಳೆ, ಒಂದು ಪೊಟ್ಟಣ ಕುಂಕುಮ, ಮಕ್ಕಳಿಗೆ ಬತ್ತಾಸು. ಆದರೆ ಆಡಿದ ಮಾತು ಒಂದು ವರ್ಷಕ್ಕಾಗುವಷ್ಟು. ಕೊಳ್ಳುವುದು ನೆಪ, ಕೂಡುವುದು ಕಾರ್ಯ ಎಂಬುದನ್ನು ಬಲ್ಲ ಹಿರಿಯರು ಸುಮ್ಮನಿರುತ್ತಿದ್ದರು. ಅರಿಯದವರು ಬಳೆಯ ಬೆಲೆಯನ್ನು ಕೇಳುತ್ತಿದ್ದರು.

ಈಚೆಗೆ ಈ ಸಂತೆಯು ದೂರ ದೂರಕ್ಕೆ ಸರಿಯುತ್ತ ಬಂದಿರುವುದು. 2023ರ ಜೂನ್ 11ರಂದು ಸರ್ಕಾರದ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣವು ಆರಂಭವಾದ ಮೇಲೆ, ಹಾಸನದ ನಿಲ್ದಾಣದಲ್ಲಿ ಧರ್ಮಸ್ಥಳಕ್ಕೂ ಶೃಂಗೇರಿಗೂ ಹೊರಟ ಹೆಂಗಸರ ಗುಂಪುಗಳನ್ನು ಕಾಣದ ದಿನವಿಲ್ಲ. ಅದಕ್ಕೂ ಮುಂದಕ್ಕೆ ಹೋಗಿ, ಗೆಳತಿಯರು ಏಳೆಂಟು ಮಂದಿ ಸೇರಿ ಸಿಂಗಾಪುರಕ್ಕೋ ಬ್ಯಾಂಕಾಕಿಗೋ ದುಬೈಗೋ ಐದಾರು ದಿನಗಳ ಮಟ್ಟಿಗೆ ಹೋಗಿ, ಅಂಗಡಿಬೀದಿಗಳನ್ನು ಸುತ್ತಿ ಬರುವ ಪದ್ಧತಿಯು ನಮ್ಮಂತಹ ಚಿಕ್ಕ ಊರುಗಳಿಗೂ ಬಂದಿದೆ. ಇದನ್ನು ಕುರಿತು ಗೃಹಸ್ಥರಲ್ಲಿ ಮೂರು ಬಗೆಯ ಪ್ರಶ್ನೆಗಳು ಕೇಳಿಬರುತ್ತಿವೆ. ಇದು ಉಚಿತವೆ? ಇದಕ್ಕೆ ಹಣವೆಲ್ಲಿಯದು? ಇಷ್ಟು ದೂರ ಹೋಗಿ ತಂದುದಾದರೂ ಏನು? ಮೊದಲಿನ ಎರಡಕ್ಕೆ ಉತ್ತರ ಸುಲಭ. ಮೂರನೆಯದಕ್ಕೆ ಉತ್ತರ ಕೊಡಬೇಕಾದವರು ಹೋಗಿಬಂದ ಹೆಂಗಸರಲ್ಲ, ಕಳುಹಿಸಿದ ನಾವು ಎಂಬುದೇ ಈ ಲೇಖನದ ತಾತ್ಪರ್ಯ.

ಮೊದಲು ಔಚಿತ್ಯದ ಮಾತು. ಸಮುದ್ರಯಾನವನ್ನು ಬೋಧಾಯನ ಧರ್ಮಸೂತ್ರವು ಪತನೀಯಗಳಲ್ಲಿ ಮೊದಲನೆಯದಾಗಿ ಎಣಿಸಿರುವುದು ನಿಜ. ಆದರೆ ಅದೇ ಗ್ರಂಥವು ಇದಕ್ಕೆ ಪ್ರಾಯಶ್ಚಿತ್ತವನ್ನೂ ವಿಧಿಸಿದೆ. ಉತ್ತರದವರಲ್ಲಿ ಇದು ದೇಶಾಚಾರವಾಗಿತ್ತೆಂದೂ ಹೇಳುತ್ತದೆ. ಜನರು ಹೋಗುತ್ತಿದ್ದುದರಿಂದಲೇ ನಿಷೇಧವೂ ಬೇಕಾಯಿತೆಂಬುದು ಸ್ಪಷ್ಟ. ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘದವರು 1088ರಲ್ಲಿ ಸುಮಾತ್ರಾ ದ್ವೀಪದ ಬಾರೂಸಿನ ಬಳಿ ತಮಿಳಿನಲ್ಲಿ ಒಂದು ಶಾಸನವನ್ನೇ ನಿಲ್ಲಿಸಿದರು. ಕಡಲಾಚೆಯ ವ್ಯಾಪಾರವು ಕನ್ನಡನಾಡಿಗೆ ಹೊಸದಲ್ಲ. ಇನ್ನು ಹೆಂಗಸರೇ ಗುಂಪುಕಟ್ಟಿ ಹೋಗುವ ಮಾತೆಂದರೆ, ಹಾಸನದವರು ಈ ಆಕ್ಷೇಪವನ್ನು ಎತ್ತಲೇ ಬಾರದು. ನಮ್ಮ ಸ್ಥಳಪುರಾಣದಂತೆ ಸಪ್ತಮಾತೃಕೆಯರು ಕಾಶಿಯಿಂದ ಆಕಾಶಮಾರ್ಗವಾಗಿ ದಕ್ಷಿಣಕ್ಕೆ ಬಂದು, ಈ ನಾಡಿನ ಸೊಬಗಿಗೆ ಮನಸೋತು, ಮೂವರು ಹಾಸನಾಂಬೆಯ ಗುಡಿಯಲ್ಲಿ ಹುತ್ತದ ರೂಪದಲ್ಲಿಯೂ, ಮೂವರು ದೇವಿಗೆರೆಯಲ್ಲಿಯೂ, ಒಬ್ಬಳು ಕೆಂಚಮ್ಮನ ಹೊಸಕೋಟೆಯಲ್ಲಿಯೂ ನೆಲೆಸಿದರು. ಏಳು ಮಂದಿ ಹೆಂಗಸರು ಯಾರ ಬೆಂಗಾವಲೂ ಇಲ್ಲದೆ ಆಕಾಶದಲ್ಲಿ ಪ್ರಯಾಣ ಮಾಡಿದ ಕಥೆಯನ್ನು ವರ್ಷಕ್ಕೊಮ್ಮೆ ಕೈಮುಗಿದು ಕೇಳುವ ಊರು ನಮ್ಮದು.

ಎರಡನೆಯದು ಹಣದ ಪ್ರಶ್ನೆ. ಸ್ತ್ರೀಧನವೆಂದರೆ ಮದುವೆಯಲ್ಲಿ ಬಂದ ನಾಲ್ಕು ಒಡವೆ ಎಂದೇ ನಮ್ಮಲ್ಲಿ ಅನೇಕರ ಭಾವನೆ. ಮನುವು ಆರು ಬಗೆಯನ್ನು ಹೇಳಿದನು. ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿಯೇ ಇದ್ದು ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಇನ್ನೂ ಮುಂದೆ ಹೋಗಿ, ಹೆಂಗಸಿಗೆ ದಾಯದಿಂದ ಬಂದದ್ದು, ಆಕೆ ಕೊಂಡದ್ದು, ಪಾಲಿನಿಂದ ದೊರೆತದ್ದು ಮೊದಲಾದುವೆಲ್ಲವೂ ಸ್ತ್ರೀಧನವೇ ಎಂದು ವ್ಯಾಖ್ಯಾನ ಮಾಡಿದನು. ಮೈಸೂರು ಸಂಸ್ಥಾನದಲ್ಲಿ 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳನ್ನು ಕುರಿತು ಕಾಯಿದೆಯಾಯಿತು; 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಹೆಂಗಸಿನ ಕೈಯಲ್ಲಿರುವ ಆಸ್ತಿಗೆ ಆಕೆಯನ್ನೇ ಪೂರ್ಣ ಒಡತಿಯನ್ನಾಗಿ ಮಾಡಿತು. ಇಷ್ಟೆಲ್ಲಕ್ಕೂ ಹಿಂದೆಯೇ ನಮ್ಮ ಜಿಲ್ಲೆಯ ಶ್ರವಣಬೆಳಗೊಳದಲ್ಲಿ ಶಾಂತಲೆಯು 1123ರಲ್ಲಿ ಒಂದು ಬಸದಿಯನ್ನೂ, ಮಂತ್ರಿ ಚಂದ್ರಮೌಳಿಯ ಪತ್ನಿ ಆಚಿಯಕ್ಕನು 1181ರಲ್ಲಿ ಅಕ್ಕನ ಬಸದಿಯನ್ನೂ ಕಟ್ಟಿಸಿದರು. ಹೆಂಗಸು ಧನವ್ಯಯ ಮಾಡುವುದು ನಮ್ಮ ನೆಲಕ್ಕೆ ಹೊಸ ಸಂಗತಿಯಲ್ಲ. ಅದನ್ನು ಕಲ್ಲಿನಲ್ಲಿ ಕೊರೆದಿಟ್ಟಿದ್ದಾರೆ.

ಇನ್ನು ನಾವು ಕಣ್ಣಾರೆ ಕಂಡ ಒಂದು ಪ್ರಯಾಣದ ವೃತ್ತಾಂತವನ್ನು ಹೇಳುವೆವು. ನಮ್ಮ ಗೃಹಿಣಿಯೂ ಆಕೆಯ ಆರು ಮಂದಿ ಗೆಳತಿಯರೂ ಎಳೆಯ ವಯಸ್ಸಿನಲ್ಲಿ ಹಾಸನದಲ್ಲಿ ಒಂದೇ ಶಾಲೆಯಲ್ಲಿ ಓದಿದವರು. ಈಗ ಇಬ್ಬರು ಹಾಸನದಲ್ಲಿಯೂ, ಇಬ್ಬರು ಹೊಳೆನರಸೀಪುರದಲ್ಲಿಯೂ, ಇಬ್ಬರು ಚನ್ನರಾಯಪಟ್ಟಣದಲ್ಲಿಯೂ, ಒಬ್ಬರು ಅರಕಲಗೂಡಿನಲ್ಲಿಯೂ ಇರುವರು. ಏಳು ಮಂದಿ ಎಂಬುದು ಯಾರೂ ಎಣಿಸಿ ಮಾಡಿದುದಲ್ಲ, ಹಾಗೆ ಒದಗಿಬಂದಿತು. ಇವರು ತಿಂಗಳಿಗೆ ತಲಾ 3,000 ರೂಪಾಯಿಯಂತೆ 30 ತಿಂಗಳ ಕಾಲ ಚೀಟಿಯ ಹಾಗೆ ಹಣವನ್ನು ಕೂಡಿಹಾಕಿದರು. ಒಬ್ಬೊಬ್ಬರದು 90,000 ರೂಪಾಯಿ ಆಯಿತು. ಅದರಲ್ಲಿ ಒಬ್ಬರದು ಪಿಂಚಣಿಯ ಹಣ, ಒಬ್ಬರದು ತೆಂಗಿನಕಾಯಿಯದು, ಒಬ್ಬರದು ಎರಡು ಹಸುಗಳ ಹಾಲನ್ನು ಡೈರಿಗೆ ಹಾಕಿ ಬಂದ ಬಟವಾಡೆ, ಅರಕಲಗೂಡಿನವರದು ರವಿಕೆ ಹೊಲಿದ ಕೂಲಿ. ಈಕೆ ಗಂಡನನ್ನು ಕಳೆದುಕೊಂಡ ಮೇಲೆ 28 ವರ್ಷ ಹೊಲಿಗೆಯಂತ್ರವನ್ನು ತುಳಿದು ಮಗನನ್ನು ಓದಿಸಿ ದಡ ಸೇರಿಸಿದವರು.

ಪಾಸ್‌ಪೋರ್ಟಿಗಾಗಿ ಹಿಂದೆ ಬೆಂಗಳೂರಿಗೆ ಅಲೆಯಬೇಕಾಗಿದ್ದಿತು. 2017ರ ಜನವರಿಯಲ್ಲಿ ಮೈಸೂರಿನಿಂದ ಮೊದಲುಗೊಂಡು ಅಂಚೆ ಕಚೇರಿಗಳಲ್ಲಿಯೇ ಪಾಸ್‌ಪೋರ್ಟ್ ಸೇವಾ ಕೇಂದ್ರಗಳನ್ನು ತೆರೆದುದರಿಂದ ಇವರ ಕೆಲಸವೆಲ್ಲ ಹಾಸನದಲ್ಲಿಯೇ ಮುಗಿಯಿತು. ತೊಡಕಾದದ್ದು ಹೆಸರಿನದು ಮಾತ್ರ. ಎಸ್.ಎಸ್.ಎಲ್.ಸಿ. ಪತ್ರದಲ್ಲಿ ತಂದೆಯ ಹೆಸರಿನ ಮೊದಲ ಅಕ್ಷರ, ಆಧಾರ್ ಚೀಟಿಯಲ್ಲಿ ಗಂಡನ ಹೆಸರು, ಬ್ಯಾಂಕಿನ ಪುಸ್ತಕದಲ್ಲಿ ಮೂರನೆಯದೊಂದು ಕಾಗುಣಿತ. ಒಬ್ಬಳೇ ಹೆಂಗಸು ಮೂರು ಹೆಸರಿನಲ್ಲಿ ಬದುಕಿರುವುದನ್ನು ಅಂದು ಮೊದಲ ಬಾರಿಗೆ ಎಲ್ಲರೂ ಗಮನಿಸಿದರು. ಹೊರಡಲು ಇಚ್ಛಿಸುವವರು ಈ ಹೆಸರುಗಳನ್ನು ಆರು ತಿಂಗಳ ಮೊದಲೇ ಸರಿಪಡಿಸಿಕೊಳ್ಳುವುದು ಮೇಲು.

ಹೊರಡುವುದು 2025ರ ಫೆಬ್ರವರಿಯೆಂದು ಗೊತ್ತಾಯಿತು, ಊರು ಸಿಂಗಾಪುರ. ಸಿಂಹಪುರವೆಂಬ ಸಂಸ್ಕೃತ ಶಬ್ದವೇ ಆ ಊರಿನ ಹೆಸರಿಗೆ ಮೂಲ. ಹಾಸನವನ್ನು ಸಿಂಹಾಸನಪುರಿಯೆಂದು ಕರೆಯುವ ಐತಿಹ್ಯವುಂಟು. ಹೊಳೆನರಸೀಪುರವೋ ನರಸಿಂಹನ ಪುರ. ಸಿಂಹದಿಂದ ಸಿಂಹಕ್ಕೆ ಹೋಗುವಿರಿ, ಭಯವೇನು ಎಂದು ನಾವು ಹಾಸ್ಯ ಮಾಡಿದೆವು. ಆದರೆ ಭಯವು ಆ ಕಡೆಯಿಂದ ಬರಲಿಲ್ಲ. ಮನೆಗಳೊಳಗಿನಿಂದಲೇ ಬಂದಿತು, ಅದೂ ಚೀಟಿಗಳ ರೂಪದಲ್ಲಿ.

ವಿದೇಶಕ್ಕೆ ಹೊರಟ ಹೆಂಗಸಿನ ಕೈಗೆ ಮನೆಯವರೂ ಬಂಧುಗಳೂ ನೆರೆಯವರೂ ಒಂದೊಂದು ಪಟ್ಟಿಯನ್ನು ಕೊಡುವುದು ವಾಡಿಕೆ. ನಮ್ಮ ಅಕ್ಷರವು ದುಂಡಗಿರುವುದೆಂದು ಏಳು ಮಂದಿಯೂ ತಮ್ಮ ತಮ್ಮ ಪಟ್ಟಿಗಳನ್ನು ನಮ್ಮ ಜಗಲಿಯ ಮೇಲೆ ತಂದು ಹರವಿ, ಒಂದು ಪುಸ್ತಕದಲ್ಲಿ ಶುದ್ಧಪ್ರತಿ ಮಾಡಿಕೊಡಬೇಕೆಂದು ಕೇಳಿದರು. ಅಧ್ಯಾಪಕ ವೃತ್ತಿಯ ಅಭ್ಯಾಸದಿಂದ ನಾವು ವಿಂಗಡಿಸಿ ಎಣಿಸಿದೆವು. ನೋವಿನ ಎಣ್ಣೆ, ಮುಲಾಮುಗಳು 23; ಚಾಕೊಲೇಟು 17; ಅತ್ತರು, ಸುಗಂಧಗಳು 14; ಬಟ್ಟೆಬರೆ 21; ಮೊಬೈಲ್ ಫೋನಿನ ಉಪಕರಣಗಳು 9; ಆಟದ ಸಾಮಾನು 16; ಇತರ 12; ತಮಗಾಗಿ ಬರೆದುಕೊಂಡವು 6. ಒಟ್ಟು 118. ಆ ಆರರಲ್ಲಿಯೂ ಎರಡನ್ನು ಬರೆದವರೇ ಆಮೇಲೆ ಹೊಡೆದುಹಾಕಿದ್ದರು. ಇನ್ನೊಂದು ಲೆಕ್ಕವನ್ನೂ ತೆಗೆದೆವು. 118ರಲ್ಲಿ ಪಟ್ಟಿಯೊಡನೆ ಹಣವನ್ನೂ ಕೊಟ್ಟವರು 19ಕ್ಕೆ ಮಾತ್ರ. ಪ್ರಯಾಣ, ವಾಸ, ಊಟ, ವೀಸಾಗಳಿಗೆ ತಲಾ 74,000 ರೂಪಾಯಿ ಕಳೆದು, ಒಬ್ಬೊಬ್ಬರ ಕೈಯಲ್ಲಿ ಉಳಿಯುವುದು 16,000; ಏಳು ಮಂದಿಯದೂ ಸೇರಿ 1,12,000. ಪಟ್ಟಿಯ ಸಾಮಾನಿಗೆ ಬೇಕಾಗುವುದು ಸುಮಾರು 1,86,000. ಮೂವತ್ತು ತಿಂಗಳು ಕೂಡಿಟ್ಟ ಹಣವನ್ನು ಪೂರ್ತಿಯಾಗಿ ಊರವರಿಗೆ ಸುರಿದು, ಮೇಲೆ ಸಾಲವನ್ನೂ ಮಾಡಿ ಹಿಂದಿರುಗಬೇಕು. ನಮ್ಮ ಗೃಹಿಣಿಯು ಆ ಮೊತ್ತವನ್ನು ನೋಡಿ, “ಇದು ನಮ್ಮ ಪ್ರವಾಸವಲ್ಲ, ಇವರೆಲ್ಲರ ಸಂತೆಗೆ ನಾವು ಕೂಲಿಯಾಳುಗಳು” ಎಂದಳು.

ಪಟ್ಟಿಗಳಲ್ಲೆಲ್ಲ ಭಾರವಾದುದು ಅರಕಲಗೂಡಿನ ಗೆಳತಿಯದು. ಮಗನು ಬರೆದುಕೊಟ್ಟದ್ದು ಒಂದೇ ಸಾಲು: 40 ಗ್ರಾಂ ಚಿನ್ನದ ಸರ. ಹೆಂಗಸರು 40 ಗ್ರಾಂವರೆಗೆ ಸುಂಕವಿಲ್ಲದೆ ತರಬಹುದೆಂದು ಯಾರೋ ಹೇಳಿದ್ದರಂತೆ. ಕೊರಳಿಗೆ ಹಾಕಿಕೊಂಡು ಬಂದರೆ ಯಾರೂ ಕೇಳುವುದಿಲ್ಲವೆಂಬುದು ಅವನ ಉಪದೇಶ. ಈ ತಪ್ಪು ತಿಳಿವಳಿಕೆಯು ಬಹಳ ಮಂದಿಗೆ ಇರುವುದರಿಂದ ಇಲ್ಲಿ ಸ್ಪಷ್ಟಪಡಿಸುವೆವು. 40 ಗ್ರಾಂ ಒಡವೆಯ ರಿಯಾಯಿತಿಯು ಒಂದು ವರ್ಷಕ್ಕೂ ಹೆಚ್ಚು ಕಾಲ ವಿದೇಶದಲ್ಲಿ ವಾಸವಾಗಿದ್ದು ಹಿಂದಿರುಗುವ ಹೆಂಗಸರಿಗೆ ಮಾತ್ರ. ಐದು ದಿನ ಸುತ್ತಿಬಂದವರಿಗೆ ಅಲ್ಲ. ಮರೆಮಾಚಿ ತಂದರೆ ಚಿನ್ನವೂ ಹೋಗುವುದು, ದಂಡವೂ ಬೀಳುವುದು. ಮಾನದ ಮಾತನ್ನು ಹೇಳಬೇಕಾದುದಿಲ್ಲ. ನಾವು ನಿಯಮವನ್ನು ಓದಿ ಹೇಳಿದೆವು. ಆಕೆ ಮಗನಿಗೆ ತರುವುದಿಲ್ಲವೆಂದರು. ಮಗನು ಮಾತು ಬಿಟ್ಟನು. ಹದಿನೈದು ದಿನ ಒಂದೇ ಮನೆಯಲ್ಲಿ ತಾಯಿ ಒಂದು ಕಡೆ, ಮಗ ಒಂದು ಕಡೆ. ಹೊರಡಲು ಒಂದು ವಾರವಿರುವಾಗ ಆಕೆ ನಮ್ಮಲ್ಲಿಗೆ ಬಂದು, ತಾವು ಬರುವುದಿಲ್ಲ, ತಮ್ಮ ಹಣವನ್ನು ಆದಷ್ಟು ಹಿಂದಕ್ಕೆ ಕೊಡಿಸಬೇಕು ಎಂದರು. ಗೆಳತಿಯರು ಯಾರೂ ಒತ್ತಾಯ ಮಾಡಲಿಲ್ಲ. ಕಾಫಿ ಮಾಡಿ ಕೊಟ್ಟು ಪಕ್ಕದಲ್ಲಿ ಕುಳಿತರು. ಬಹಳ ಹೊತ್ತಿನ ಮೇಲೆ ಆಕೆ ಲೋಟವನ್ನು ಕೆಳಗಿಟ್ಟು, “ಮೇಷ್ಟ್ರೇ, ಇಪ್ಪತ್ತೆಂಟು ವರ್ಷ ಬೇರೆಯವರ ಅಳತೆಗೇ ಹೊಲಿದಿದ್ದೀನಿ. ಐದು ದಿವಸ ನನ್ನ ಅಳತೆಗೆ ಇದ್ದು ಬರ್ತೀನಿ ಬಿಡಿ” ಎಂದರು.

ಅಂದೇ ಜಗಲಿಯ ಮೇಲೆ ಏಳು ಮಂದಿಯೂ ಸೇರಿ ಮೂರು ಕಟ್ಟಳೆಗಳನ್ನು ಮಾಡಿಕೊಂಡರು. ಹಣ ಕೊಟ್ಟವರ ಸಾಮಾನನ್ನು ತಪ್ಪದೆ ತರುವುದು. ಹಣ ಕೊಡದವರಲ್ಲಿ ಮುದುಕರಿಗೆ ಮಾತ್ರ ನೋವಿನ ಎಣ್ಣೆ, ಮಿಕ್ಕ ಮನೆಗೆ ಒಂದೊಂದು ಪೊಟ್ಟಣ ಚಾಕೊಲೇಟು. ಕಡೆಯ ದಿನ ಪಟ್ಟಿಯ ಪುಸ್ತಕವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದು. ಅಂದು ಒಬ್ಬೊಬ್ಬರೂ ತಮಗಾಗಿ ಒಂದನ್ನು ಕೊಳ್ಳಲೇಬೇಕು, ಕೊಳ್ಳದವರು ಎಲ್ಲರಿಗೂ ಊಟ ಹಾಕಿಸಬೇಕು.

2017ರಲ್ಲಿ ಪೂರ್ಣವಾದ ಹೊಸ ರೈಲುದಾರಿಯಿಂದ ಹಾಸನದಲ್ಲಿ ಐದು ಮಂದಿ ಹತ್ತಿದರು. ಚನ್ನರಾಯಪಟ್ಟಣದಲ್ಲಿ ಇಬ್ಬರು ಬುತ್ತಿಯೊಡನೆ ಸೇರಿಕೊಂಡರು. ಯಶವಂತಪುರದಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಬಸ್ಸು. ಬೆಂಗಳೂರಿನಿಂದ ಸಿಂಗಾಪುರಕ್ಕೆ ವಿಮಾನದಲ್ಲಿ ಸುಮಾರು ನಾಲ್ಕೂವರೆ ಗಂಟೆ. ಅರಕಲಗೂಡಿನಿಂದ ಬೆಂಗಳೂರು ಸೇರುವುದಕ್ಕೂ ಹೆಚ್ಚುಕಡಮೆ ಅಷ್ಟೇ ಹೊತ್ತು ಹಿಡಿಯುವುದು. ಅಲ್ಲಿಯ ಗಡಿಯಾರವು ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ.

ಅಲ್ಲಿ ಕಂಡುದನ್ನೆಲ್ಲ ಹೇಳಹೊರಟರೆ ಈ ಪತ್ರಿಕೆಯ ಪುಟಗಳು ಸಾಲವು. ಸೆರಂಗೂನ್ ರಸ್ತೆಯೆಂಬ ಬೀದಿಯಲ್ಲಿ ಮಲ್ಲಿಗೆಯ ದಂಡೆ, ಬಾಳೆಯ ಎಲೆ, ಕರಿಬೇವು, ನುಗ್ಗೆಯ ಕಾಯಿ ಎಲ್ಲವೂ ದೊರೆಯುವುವು. ಮುಸ್ತಫಾ ಎಂಬ ಮಹಾ ಮಳಿಗೆಯು ಆ ಬೀದಿಯ ಮಗ್ಗುಲಲ್ಲಿಯೇ ಇದೆ. ಅಲ್ಲಿ ಮೈಸೂರು ಸ್ಯಾಂಡಲ್ ಸಾಬೂನನ್ನು ಕಂಡು ಚನ್ನರಾಯಪಟ್ಟಣದವರೊಬ್ಬರು ನೆಂಟರನ್ನು ಕಂಡಂತೆ ಕೈಗೆತ್ತಿಕೊಂಡರಂತೆ. ಬೆಲೆಯನ್ನು ನೋಡಿ ಮತ್ತೆ ಅಲ್ಲಿಯೇ ಇಟ್ಟರಂತೆ. ನಮ್ಮ ಮುದುಕರು ಮೆಚ್ಚುವ ಕೊಡಲಿ ಗುರುತಿನ ಎಣ್ಣೆಯು 1928ರಲ್ಲಿ ಆ ಊರಿನಲ್ಲಿಯೇ ಹುಟ್ಟಿದುದು. ಹುಲಿಯ ಗುರುತಿನ ಮುಲಾಮು ರಂಗೂನಿನವರದಾಗಿದ್ದು 1920ರ ದಶಕದಲ್ಲಿ ಅಲ್ಲಿಗೆ ಬಂದುದು. ಪಟ್ಟಿಯ 23 ಸಾಲುಗಳು ಒಂದೇ ಕಪಾಟಿನ ಮುಂದೆ ಮುಗಿದುವು. ಚೀನೀಯರ ಪೇಟೆಯ ನಡುವೆ 1827ರಲ್ಲಿ ಸ್ಥಾಪನೆಯಾದ ಮಾರಿಯಮ್ಮನ ಗುಡಿಯಿದೆ. ಅದರ ಸುತ್ತಿನ ಬೀದಿಯಂಗಡಿಗಳಲ್ಲಿ ಚೌಕಾಸಿ ನಡೆಯುವುದು. ದೊಡ್ಡ ಮಳಿಗೆಗಳಲ್ಲಿ ಒಂದೇ ಬೆಲೆ. ಹಾಸನದ ಸಂತೆಯಲ್ಲಿ ಪಳಗಿದವರಿಗೆ ಮೊದಲನೆಯದರಲ್ಲಿ ಭಾಷೆಯೇ ಬೇಕಾಗಲಿಲ್ಲ, ಬೆರಳುಗಳು ಸಾಕಾದುವು.

1859ರಲ್ಲಿ ಸ್ಥಾಪಿತವಾದ ಸಸ್ಯೋದ್ಯಾನವು 2015ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿಯ ಆರ್ಕಿಡ್ ಹೂಗಳ ತೋಟದಲ್ಲಿ ಒಂದು ನಸುನೇರಳೆ ಹೂವನ್ನು ತೋರಿಸುವರು. ಆಗ್ನೆಸ್ ಜೋಕಿಮ್ ಎಂಬ ಅರ್ಮೇನಿಯನ್ ವಂಶದ ಮಹಿಳೆಯ ಮನೆಯ ತೋಟದಲ್ಲಿ ಮೈದೋರಿದ ಈ ಮಿಶ್ರತಳಿಯು 1893ರಲ್ಲಿ ವಿದ್ವಾಂಸರ ಗಮನಕ್ಕೆ ಬಂದಿತು. 1981ರಲ್ಲಿ ಇದನ್ನು ಆ ದೇಶದ ರಾಷ್ಟ್ರಪುಷ್ಪವೆಂದು ಆರಿಸಿದರು. ಹಿತ್ತಿಲಿನಲ್ಲಿ ಒಬ್ಬ ಹೆಂಗಸು ಬೆಳೆಸಿದ ಹೂವು ಒಂದು ದೇಶಕ್ಕೆ ಗುರುತಾಯಿತೆಂಬ ಈ ಒಂದು ಸಂಗತಿಯನ್ನು ಏಳು ಮಂದಿಯೂ ಊರಿಗೆ ಬಂದು ಏಳು ಬಗೆಯಾಗಿ ಹೇಳಿದರು.

ಆದರೆ ನಮ್ಮ ಗೃಹಿಣಿಯನ್ನು, ಅಲ್ಲಿ ಅತ್ಯಂತ ಹಿತವಾದುದು ಯಾವುದೆಂದು ಕೇಳಿದಾಗ ಆಕೆ ಅಂಗಡಿಯನ್ನೂ ಹೇಳಲಿಲ್ಲ, ಹೂವನ್ನೂ ಹೇಳಲಿಲ್ಲ. ರಾತ್ರಿ ಹತ್ತು ಗಂಟೆಯ ಮೇಲೆ ಏಳು ಮಂದಿಯೂ ದೀಪದ ಬೀದಿಯಲ್ಲಿ ಮೆಲ್ಲನೆ ನಡೆದುಬರುತ್ತಿದ್ದರಂತೆ. ಯಾರಿಗೂ ಬಡಿಸಬೇಕಾದುದಿಲ್ಲ, ಬಾಗಿಲಲ್ಲಿ ಯಾರೂ ಗಡಿಯಾರ ನೋಡುತ್ತ ನಿಂತಿರುವುದಿಲ್ಲ, ಹಿಂದೆ ಯಾರಾದರೂ ಬರುವರೋ ಎಂದು ತಿರುಗಿ ನೋಡಬೇಕಾದುದೂ ಇಲ್ಲ. “ಮದುವೆಯಾದ ಮೇಲೆ ಕಾಲಿಗೆ ಇಷ್ಟು ಬಿಡುವು ಸಿಕ್ಕಿರಲಿಲ್ಲ” ಎಂದಳು. ಇದನ್ನು ಯಾವ ಪಟ್ಟಿಯಲ್ಲಿಯೂ ಯಾರೂ ಬರೆದುಕೊಟ್ಟಿರಲಿಲ್ಲ.

ಕಡೆಯ ದಿನ ಪುಸ್ತಕಕ್ಕೆ ಬೀಗ ಬಿದ್ದಿತು. ಆಶ್ಚರ್ಯದ ಸಂಗತಿಯೆಂದರೆ, ತಮಗಾಗಿ ಒಂದನ್ನು ಆರಿಸಿಕೊಳ್ಳುವುದು ಆ 118 ಸಾಮಾನುಗಳನ್ನು ಕೊಳ್ಳುವುದಕ್ಕಿಂತ ಕಷ್ಟವಾಯಿತು. ಕೈಗೆತ್ತಿಕೊಂಡ ಸೀರೆಯು ಸೊಸೆಗೆ ಒಪ್ಪುವುದೆನಿಸುವುದು. ಚೀಲವು ಮಗಳಿಗೆ ಬೇಕಾಗಿತ್ತಲ್ಲ ಎನಿಸುವುದು. ಒಬ್ಬರಂತೂ ಮೂರು ಅಂಗಡಿ ಸುತ್ತಿ, ತಮಗೆ ಯಾವ ಬಣ್ಣ ಇಷ್ಟವೆಂಬುದೇ ಮರೆತುಹೋಗಿದೆಯೆಂದು ನಕ್ಕರಂತೆ. ನಕ್ಕು, ಸ್ವಲ್ಪ ಹೊತ್ತು ಸುಮ್ಮನಾದರಂತೆ. ಕೊನೆಗೆ ಒಬ್ಬರು ಮೆತ್ತನೆಯ ಪಾದರಕ್ಷೆ, ಒಬ್ಬರು ಮಡಿಸುವ ಕೊಡೆ, ಒಬ್ಬರು ಬಣ್ಣದ ಪೆನ್ಸಿಲುಗಳ ಪೆಟ್ಟಿಗೆ, ಒಬ್ಬರು ಕೈಗಡಿಯಾರ, ಒಬ್ಬರು ನೀಲಿಯ ಸೀರೆ, ನಮ್ಮ ಗೃಹಿಣಿ ಓದುವಾಗ ಹಚ್ಚಿಕೊಳ್ಳುವ ಒಂದು ಪುಟ್ಟ ದೀಪವನ್ನು ಕೊಂಡರು. ಅರಕಲಗೂಡಿನವರು ಹೊಲಿಗೆಯ ಸಾಮಾನಿನ ಅಂಗಡಿಯೊಂದರಲ್ಲಿ ಬಹಳ ಹೊತ್ತು ನಿಂತು, 48 ಡಾಲರು ಕೊಟ್ಟು, ಅಂದರೆ ಸುಮಾರು ಮೂರು ಸಾವಿರ ರೂಪಾಯಿಗೆ, ಬಟ್ಟೆ ಕತ್ತರಿಸುವ ಒಂದು ದೊಡ್ಡ ಕತ್ತರಿಯನ್ನು ಕೊಂಡರು. ಇಪ್ಪತ್ತೆಂಟು ವರ್ಷವೂ ಒಂದೇ ಹಳೆಯ ಕತ್ತರಿಯನ್ನು ಸಾಣೆ ಹಿಡಿಸಿ ಹಿಡಿಸಿ ಬಳಸಿದವರು. ಹೆಬ್ಬೆರಳಿನ ಬುಡದಲ್ಲಿ ಗಂಟು ಕಟ್ಟಿರುವುದು. ಊಟ ಹಾಕಿಸುವ ದಂಡವು ಯಾರ ಮೇಲೂ ಬೀಳಲಿಲ್ಲ.

ಊರಿಗೆ ಬಂದ ಮೇಲೆ ನಡೆದುದನ್ನೂ ಹೇಳಬೇಕು. ಚಾಕೊಲೇಟು ಒಂದು ಸಂಜೆಯಲ್ಲಿ ಮುಗಿಯಿತು. ಹಣ ಕೊಡದೆ ಪಟ್ಟಿ ಮಾತ್ರ ಕೊಟ್ಟಿದ್ದ ಕೆಲವರು ಮುಖ ಸಣ್ಣದು ಮಾಡಿಕೊಂಡರು; ಒಂದೆರಡು ಮನೆಗಳಲ್ಲಿ “ಇಷ್ಟೇನಾ?” ಎಂಬ ಮಾತೂ ಬಂದಿತು. ತಿಂಗಳೊಳಗೆ ಎಲ್ಲರೂ ಮರೆತರು. ಅರಕಲಗೂಡಿನ ಮಗನು ತಾಯಿಯನ್ನು ಕರೆತರಲು ಬಸ್ ನಿಲ್ದಾಣಕ್ಕೆ ಬಂದಿರಲಿಲ್ಲ. ಅವನ ಮುನಿಸು ಪೂರ್ತಿಯಾಗಿ ಇಳಿದಿಲ್ಲವೆಂದು ಕೇಳುವೆವು. ಸೊಸೆಯು ಮಾತ್ರ, ಮುಂದಿನ ಚೀಟಿಯನ್ನು ಕಟ್ಟುವಾಗ ತನ್ನ ಹೆಸರನ್ನೂ ಸೇರಿಸಬೇಕೆಂದು ಅತ್ತೆಯನ್ನು ಕೇಳಿರುವಳು.

ಹೊರಡಲಿರುವವರಿಗೆ ಪ್ರಯೋಜನವಾಗಲೆಂದು ಕೆಲವು ಸೂಚನೆಗಳನ್ನು ಇಲ್ಲಿ ಸೇರಿಸುವೆವು. ಹಿಂದಿರುಗುವಾಗ ಸುಂಕವಿಲ್ಲದೆ ತರಬಹುದಾದ ಸಾಮಾನಿನ ಮಿತಿಯು ಇವರು ಹೋದಾಗ ಜಾರಿಯಲ್ಲಿದ್ದ 2016ರ ನಿಯಮದಂತೆ ಒಬ್ಬೊಬ್ಬರಿಗೆ 50,000 ರೂಪಾಯಿಯಾಗಿದ್ದಿತು. ಒಬ್ಬರ ಮಿತಿಯನ್ನು ಇನ್ನೊಬ್ಬರದರೊಡನೆ ಕೂಡಿಸಲು ಬಾರದು. ಈ ಮೊತ್ತಗಳು ಕಾಲಕಾಲಕ್ಕೆ ಬದಲಾಗುವುದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳತಕ್ಕದ್ದು. ಬೆಲೆಬಾಳುವ ಒಡವೆಯನ್ನು ಮೈಮೇಲೆ ಧರಿಸಿ ಹೋಗುವವರು, ಹೊರಡುವಾಗಲೇ ಸುಂಕದ ಅಧಿಕಾರಿಗಳಿಂದ ಪ್ರಮಾಣಪತ್ರ ಪಡೆದರೆ ಬರುವಾಗ ವಾದವಿರದು. ಒಡವೆಯನ್ನು ಮನೆಯಲ್ಲಿಯೇ ಬಿಟ್ಟು ಹೋಗುವುದು ಇನ್ನೂ ಒಳ್ಳೆಯದು. ಸಿಂಗಾಪುರದಲ್ಲಿ 2024ರಿಂದ ಸಾಮಾನಿನ ಮೇಲಿನ ತೆರಿಗೆ ನೂರಕ್ಕೆ 9. ಈ ವ್ಯವಸ್ಥೆಗೆ ಸೇರಿದ ಅಂಗಡಿಯಲ್ಲಿ 100 ಡಾಲರಿಗೆ ಕಡಮೆಯಿಲ್ಲದೆ ಕೊಂಡ ಪ್ರವಾಸಿಗರು, ವಿಮಾನ ನಿಲ್ದಾಣದಲ್ಲಿ ಅರ್ಜಿ ಮಾಡಿ ಅದರ ಬಹುಭಾಗವನ್ನು ಹಿಂದಕ್ಕೆ ಪಡೆಯಬಹುದು. ಆದುದರಿಂದ ರಶೀದಿಗಳನ್ನು ಜೋಪಾನ ಮಾಡಬೇಕು. ಪ್ರವಾಸದ ಏಜೆಂಟರು ಮುಂಗಡವಾಗಿ ಹಿಡಿದುಕೊಳ್ಳುವ ತೆರಿಗೆಯನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ವಜಾ ಮಾಡಿಕೊಳ್ಳಲು ಅವಕಾಶವಿದೆ.

ಅಡಿಗೆಯ ಸಾಮಾನನ್ನು ಒಯ್ಯುವವರು ಒಂದನ್ನು ಮರೆಯಬಾರದು. ನಮ್ಮ ಪಾಯಸದ ಗಸಗಸೆಯು ಅಫೀಮಿನ ಗಿಡದ ಬೀಜವಾದುದರಿಂದ ಸಿಂಗಾಪುರದಲ್ಲಿಯೂ ದುಬೈಯಲ್ಲಿಯೂ ಅದನ್ನು ತಂದವರು ದೊಡ್ಡ ಆಪತ್ತಿಗೆ ಗುರಿಯಾಗುವರು. ಸಾರಿನ ಪುಡಿಯ ಡಬ್ಬಿಯ ಪಕ್ಕದಲ್ಲಿ ಒಂದು ಚಿಟಿಕೆಯೂ ಇರಕೂಡದು. ಔಷಧಗಳನ್ನು ವೈದ್ಯರ ಚೀಟಿಯೊಡನೆ ಒಯ್ಯಬೇಕು. ಅನ್ಯರ ಗಂಟನ್ನು, ಅವರು ಎಷ್ಟೇ ಹತ್ತಿರದವರಾದರೂ, ಬಿಚ್ಚಿ ನೋಡದೆ ಹೊರಬಾರದು. ಕತ್ತರಿ, ಚೂರಿಗಳನ್ನು ಕೈಚೀಲದಲ್ಲಿಡದೆ, ವಿಮಾನದವರಿಗೆ ಒಪ್ಪಿಸುವ ದೊಡ್ಡ ಪೆಟ್ಟಿಗೆಯಲ್ಲಿಡಬೇಕು.

ಇವೆಲ್ಲ ಹೊರಡುವವರಿಗೆ. ಮನೆಯಲ್ಲಿ ಉಳಿಯುವ ಗೃಹಸ್ಥರಿಗೆ ನಮ್ಮ ಸೂಚನೆಯು ಒಂದೇ. ಮನೆಯ ಹೆಂಗಸು ಗೆಳತಿಯರೊಡನೆ ಹೊರಟಾಗ, ಆ ಊರು ಸಿಂಗಾಪುರವಾಗಲಿ ರಾಮನಾಥಪುರವಾಗಲಿ, ಆಕೆಯ ಕೈಗೆ ಪಟ್ಟಿಯನ್ನು ಕೊಡಬೇಡಿರಿ. ಕೊಡಲೇಬೇಕೆನಿಸಿದರೆ ಪಟ್ಟಿಯ ಜೊತೆಗೆ ಹಣವನ್ನೂ ಕೊಡಿರಿ. ಪಟ್ಟಿಯೆಂಬುದು ಪ್ರೀತಿಯ ಗುರುತೆಂದು ನಾವು ಭಾವಿಸುವೆವು. ಹೊತ್ತವರಿಗೆ ಅದು ಮನೆಯ ಒಲೆಯನ್ನು ಕಡಲಾಚೆಗೂ ಹೊತ್ತುಕೊಂಡು ಹೋದಂತೆ. ಐದು ದಿನ ನಮ್ಮ ಅನ್ನವನ್ನು ನಾವೇ ಮಾಡಿಕೊಂಡು, ಹಿಂದಿರುಗಿದ ದಿನ ಒಂದು ಲೋಟ ಬಿಸಿನೀರು ಕಾಯಿಸಿಟ್ಟರೆ ನಮ್ಮ ಕರ್ತವ್ಯ ಮುಗಿಯಿತು. ಚೀಲವನ್ನು ಬಿಚ್ಚುವ ಮೊದಲು ಏನು ತಂದೆಯೆಂದು ಕೇಳದೆ, ಏನು ಕಂಡೆಯೆಂದು ಕೇಳಿದರೆ ಸಾಕು. ಉತ್ತರವು ಒಂದು ವರ್ಷಕ್ಕಾಗುವಷ್ಟು ದೊರೆಯುವುದು.